ಹಳೇ ಗಾಡಿಗೆ ಯಾವ ಇಂಜಿನ್ ಆಯಿಲ್? ಮೊದಲು ಕಡ್ಡಿ ನೋಡಿ, ಆಮೇಲೆ ಡಬ್ಬಿ

ಕಾರು ಒಂದೂವರೆ ಲಕ್ಷ ಕಿ.ಮೀ. ದಾಟಿತು ಅಂದರೆ ಗ್ಯಾರೇಜಿನಲ್ಲಿ ಒಂದು ಮಾತು ಗ್ಯಾರಂಟಿ. "ಮೇಡಂ, ಗಾಡಿಗೆ ವಯಸ್ಸಾಯ್ತು, ಇನ್ಮೇಲೆ ದಪ್ಪ ಆಯಿಲ್ ಹಾಕ್ಸಿ." ಹೇಳಿದವರು ಬಾನೆಟ್ ಕೂಡ ಎತ್ತಿರುವುದಿಲ್ಲ. ಮೀಟರ್ ನೋಡಿರುತ್ತಾರೆ, ಅಷ್ಟೆ.

ನನ್ನದು 2008ರ ವ್ಯಾಗನ್ ಆರ್, 1.1 ಲೀಟರ್ ಪೆಟ್ರೋಲ್ ಇಂಜಿನ್. ಮೀಟರ್ ಎರಡು ಲಕ್ಷದ ಹತ್ತಿರ ಇದೆ. ಹದಿನೈದು ವರ್ಷ ತುಂಬಿದ ಮೇಲೆ ಗ್ರೀನ್ ಟ್ಯಾಕ್ಸ್ ಕಟ್ಟಿ, ಆರ್‌ಸಿ ರಿನ್ಯೂ ಮಾಡಿಸಿ ಓಡಿಸುತ್ತಿದ್ದೇನೆ. ಮನೆ ತೀರ್ಥಹಳ್ಳಿ ಪೇಟೆಯಿಂದ ನಾಲ್ಕೈದು ಕಿ.ಮೀ. ವಾರದ ದಿನ ಶಾಲೆಗೆ ಹೋಗಿಬರುವುದು, ನಡುವೆ ಯಾವಾಗಲಾದರೂ ಆಗುಂಬೆ ಘಾಟಿ ಇಳಿದು ಉಡುಪಿ, ಮಣಿಪಾಲ. ಇಂಥ ಗಾಡಿಗೆ ಯಾವ ಆಯಿಲ್ ಅನ್ನುವುದನ್ನು ಮೀಟರ್ ಹೇಳುವುದಿಲ್ಲ. ಸಾವಿರ ಕಿ.ಮೀ.ಗೆ ಎಷ್ಟು ಆಯಿಲ್ ಕಮ್ಮಿ ಆಗುತ್ತದೆ, ಆ ಆಯಿಲ್ ಎಲ್ಲಿಗೆ ಹೋಗುತ್ತದೆ, ಇವೆರಡು ಗೊತ್ತಾದರೆ ಡಬ್ಬಿ ಆರಿಸುವುದು ಐದು ನಿಮಿಷದ ಕೆಲಸ. ಹಾಗಾಗಿ ಡಬ್ಬಿಯ ವಿಷಯಕ್ಕೆ ಬರುವುದು ಸ್ವಲ್ಪ ತಡ.

ಕಡ್ಡಿ ನೋಡುವುದು

ಕಡ್ಡಿ ಅಂದರೆ ಇಂಜಿನ್ನಿನಲ್ಲಿ ಆಯಿಲ್ ಎಷ್ಟಿದೆ ಅಂತ ತೋರಿಸುವ ಡಿಪ್‌ಸ್ಟಿಕ್. ಅದನ್ನು ನೋಡುವಾಗ ಗಾಡಿ ಮಟ್ಟಸವಾದ ಜಾಗದಲ್ಲಿ ನಿಂತಿರಬೇಕು. ಮಲೆನಾಡಿನಲ್ಲಿ ಇದೇ ದೊಡ್ಡ ಕಷ್ಟ. ನಮ್ಮ ಮನೆಯ ಅಂಗಳ ಒಂದು ಕಡೆಗೆ ಇಳಿಜಾರು, ಅಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ನಾನು ನೋಡುವುದು ಶಾಲೆಯ ಮುಂದಿನ ಕಾಂಕ್ರೀಟ್ ನೆಲದಲ್ಲಿ, ಸಂಜೆ ಹೊರಡುವ ಮುಂಚೆ. ಬೆಳಿಗ್ಗೆಯಿಂದ ನಿಂತ ಗಾಡಿ, ಆಯಿಲ್ ಪೂರ್ತಿ ಇಂಜಿನ್ನಿನ ತಳದ ಚೇಂಬರಿಗೆ ಇಳಿದಿರುತ್ತದೆ. ಪೆಟ್ರೋಲ್ ಬಂಕಿನಲ್ಲಿ ನೋಡುವುದಾದರೆ ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಕಾಯಿರಿ. ಮುಖ್ಯ ಅಂದರೆ ಪ್ರತಿ ಸಲ ಒಂದೇ ಜಾಗ, ಒಂದೇ ರೀತಿ. ಒಂದು ದಿನ ಬಿಸಿ ಇಂಜಿನ್, ಇನ್ನೊಂದು ದಿನ ತಣ್ಣಗಿನ ಇಂಜಿನ್ ನೋಡಿ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ.

ಮೊದಲ ಸಲ ಕಡ್ಡಿ ಎಳೆದಾಗ ಕಾಣುವುದನ್ನು ನಂಬಬೇಡಿ. ಓಡುವಾಗ ಸಿಡಿದ ಆಯಿಲ್ ಮೇಲಿನವರೆಗೂ ಅಂಟಿರುತ್ತದೆ. ನೂಲು ಬಿಡದ ಹಳೇ ಕಾಟನ್ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ, ಒಂದು ಕ್ಷಣ ಬಿಟ್ಟು ಎಳೆಯಿರಿ. ಅಡ್ಡಲಾಗಿ ಹಿಡಿದು ಓದಿ. ತುದಿ ಮೇಲೆ ಮಾಡಿದರೆ ಆಯಿಲ್ ಹಿಂದಕ್ಕೆ ಹರಿದು ಜಾಸ್ತಿ ಇದ್ದಂತೆ ಕಾಣುತ್ತದೆ. ಎರಡೂ ಬದಿ ನೋಡಿ, ಎರಡರಲ್ಲಿ ಕಮ್ಮಿ ಕಾಣುವ ಬದಿಯೇ ಸರಿ ಲೆಕ್ಕ. ಕೆಲವು ಕಾರುಗಳಲ್ಲಿ ಎಲ್ (ಕಮ್ಮಿ) ಮತ್ತು ಎಫ್ (ಪೂರ್ತಿ) ಅಂತ ಗುರುತು ಇರುತ್ತದೆ, ಕೆಲವದರಲ್ಲಿ ಎರಡು ಗೆರೆ ಅಥವಾ ಎರಡು ತೂತು. ಹೆಚ್ಚಿನ ಕಾರುಗಳಲ್ಲಿ ಈ ಎರಡು ಗುರುತಿನ ನಡುವೆ ಒಂದು ಲೀಟರ್ ಹತ್ತಿರ ಹಿಡಿಯುತ್ತದೆ, ಸಣ್ಣ ಇಂಜಿನ್ನಿನಲ್ಲಿ ಇನ್ನೂ ಕಮ್ಮಿ. ಅಂದರೆ ಎಲ್ ಗುರುತಿಗೆ ಬಂದ ಗಾಡಿಯಲ್ಲಿ, ಮೂರು ಲೀಟರ್ ಹಿಡಿಯುವ ಇಂಜಿನ್ ಆದರೆ, ಕಾಲು ಭಾಗದಷ್ಟು ಆಯಿಲ್ ಆಗಲೇ ಹೋಗಿದೆ.

"ಆಯಿಲ್ ಕಮ್ಮಿ ಆದ್ರೆ ಲೈಟ್ ಬರುತ್ತಲ್ವಾ?" ಅಂತ ಸ್ಟಾಫ್ ರೂಮಿನಲ್ಲಿ ಕೇಳುವವರಿದ್ದಾರೆ. ಹಳೆಯ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಂಪು ಎಣ್ಣೆಡಬ್ಬಿ ಲೈಟ್ ತೋರಿಸುವುದು ಆಯಿಲಿನ ಪ್ರೆಶರ್, ಮಟ್ಟ ಅಲ್ಲ. ಪಂಪ್ ಗಾಳಿ ಎಳೆಯುವಷ್ಟು ಆಯಿಲ್ ಖಾಲಿಯಾದ ಮೇಲೆ ಅದು ಹತ್ತುತ್ತದೆ. ಅಷ್ಟರಲ್ಲಿ ಬೇರಿಂಗ್ ಒಣಗಿ ತಿರುಗುತ್ತಿರುತ್ತದೆ. ಓಡುವಾಗ ಆ ಲೈಟ್ ಬಂದರೆ "ಮನೆ ಇಲ್ಲೇ ಎರಡು ಕಿ.ಮೀ." ಅಂತ ಹೋಗಬೇಡಿ, ಅಲ್ಲೇ ಆಫ್ ಮಾಡಿ.

ಬಣ್ಣ, ವಾಸನೆ, ಕೆನೆ

ಆಯಿಲ್ ಕಪ್ಪಾಗಿದೆ ಅಂತ ಗಾಬರಿ ಬೇಡ. ಇಂಜಿನ್ನಿನ ಮಸಿಯನ್ನು ಹಿಡಿದಿಟ್ಟುಕೊಳ್ಳುವುದೇ ಆಯಿಲಿನ ಕೆಲಸ. ಡೀಸೆಲ್ ಗಾಡಿಯಲ್ಲಂತೂ ಹೊಸ ಆಯಿಲ್ ಹಾಕಿ ನಾಲ್ಕು ದಿನಕ್ಕೇ ಕಪ್ಪು. ಬೆರಳಲ್ಲಿ ಉಜ್ಜಿದಾಗ ಮರಳಿನಂತೆ ತಾಗಿದರೆ, ಬಿಸಿಲಿಗೆ ಹಿಡಿದಾಗ ಲೋಹದ ಮಿಣುಕು ಕಂಡರೆ, ಅದು ಚಿಂತೆಯ ವಿಷಯ. ಪೆಟ್ರೋಲ್ ವಾಸನೆ ಹೊಡೆದು ಮಟ್ಟವೂ ಏರುತ್ತಿದ್ದರೆ, ಉರಿಯದ ಪೆಟ್ರೋಲ್ ಕೆಳಗಿಳಿದು ಆಯಿಲಿಗೆ ಸೇರುತ್ತಿದೆ ಅಂತ ಅರ್ಥ. ಹಾಕದೆಯೇ ಆಯಿಲ್ ಜಾಸ್ತಿ ಆಗುವುದು ಯಾವತ್ತೂ ಒಳ್ಳೆಯ ಸುದ್ದಿ ಅಲ್ಲ.

ಒಂದು ತೊಟ್ಟು ಆಯಿಲನ್ನು ಫಿಲ್ಟರ್ ಪೇಪರ್ ಮೇಲೆ ಬಿಟ್ಟು ನೋಡುವ ಪರೀಕ್ಷೆ ನನಗೆ ಇಷ್ಟ. ವಿಜ್ಞಾನ ಪಾಠ ಮಾಡುವವಳಾದ್ದರಿಂದ ಪೇಪರಿಗೆ ಬರ ಇಲ್ಲ. ನಿಮ್ಮಲ್ಲಿ ಇಲ್ಲದಿದ್ದರೆ ದಪ್ಪನೆಯ ಟಿಶ್ಯೂ ಸಾಕು. ಕೆಲವು ಗಂಟೆ ಬಿಡಿ. ಮಸಿ ನಡುವಿನಿಂದ ಅಂಚಿನವರೆಗೆ ನಿಧಾನಕ್ಕೆ ತಿಳಿಯಾಗುತ್ತ ಹರಡಿದ್ದರೆ ಆಯಿಲಿಗೆ ಇನ್ನೂ ಜೀವ ಇದೆ. ನಡುವೆ ಕಪ್ಪು ಚುಕ್ಕೆ ಗಟ್ಟಿಯಾಗಿ ನಿಂತು, ಸುತ್ತ ಚೂಪಾದ ಗೆರೆ ಎದ್ದಿದ್ದರೆ, ಮಸಿಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಹೋಗಿದೆ. ಆಯಿಲ್ ಬದಲಿಸಿ. ಇದು ಲ್ಯಾಬ್ ರಿಪೋರ್ಟ್ ಅಲ್ಲ, ಆದರೆ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ತುಂಬಾ ಉಪಯೋಗಕ್ಕೆ ಬರುತ್ತದೆ.

ಇನ್ನು ಮಳೆಗಾಲದ ಕೆನೆ. ಜುಲೈ, ಆಗಸ್ಟಿನಲ್ಲಿ ಆಯಿಲ್ ಹಾಕುವ ಮುಚ್ಚಳ ತಿರುಗಿಸಿದರೆ ಒಳಮೈಗೆ ಕೆನೆ ಬಣ್ಣದ ಲೇಪ ಅಂಟಿರುವುದು ನಮ್ಮ ಕಡೆ ತೀರಾ ಸಾಮಾನ್ಯ. ಇಂಧನ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ಸುತ್ತ ಇರುವ ರಿಂಗ್ ದಾಟಿ ಕೆಳಗೆ ಬರುತ್ತದೆ. ಇಂಜಿನ್ ಚೆನ್ನಾಗಿ ಬಿಸಿಯಾದರೆ ಆ ಆವಿ ಹೊರಗೆ ಹೋಗುತ್ತದೆ. ನಾಲ್ಕು ಕಿ.ಮೀ. ಓಡಿ ನಿಲ್ಲಿಸುವ ಗಾಡಿಯಲ್ಲಿ ಎಲ್ಲಿ ಬಿಸಿಯಾಗಬೇಕು? ಆವಿ ಅಲ್ಲೇ ತಣಿದು ಆಯಿಲಿನ ಜೊತೆ ಕಲೆತು ಮುಚ್ಚಳದಲ್ಲಿ ಕೂರುತ್ತದೆ. ಕಡ್ಡಿಯಲ್ಲಿನ ಆಯಿಲ್ ಮಾಮೂಲಿ ಇದ್ದು, ಕೂಲೆಂಟ್ ಬಾಟಲಿಯ ಮಟ್ಟ ಇಳಿಯದಿದ್ದರೆ, ಲೇಪ ಒರೆಸಿ ಒಂದು ಭಾನುವಾರ ಶಿವಮೊಗ್ಗದವರೆಗೆ ಹೋಗಿ ಬನ್ನಿ. ಕಡ್ಡಿಯ ಆಯಿಲೇ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದು, ಕೂಲೆಂಟ್ ಕೂಡ ಕಮ್ಮಿ ಆಗುತ್ತಿದ್ದರೆ ಕಥೆ ಬೇರೆ. ಹೆಡ್ ಪ್ಯಾಕಿಂಗ್, ಅಂದರೆ ಇಂಜಿನ್ನಿನ ತಲೆ ಮತ್ತು ಬ್ಲಾಕಿನ ನಡುವಿನ ಗ್ಯಾಸ್ಕೆಟ್, ಹೋಗಿರಬಹುದು. ಸ್ಟಾರ್ಟ್ ಮಾಡದೆ ಎಳೆಸಿಕೊಂಡು ಹೋಗಿ.

ಎಷ್ಟು ಕುಡಿಯುತ್ತದೆ, ಎಲ್ಲಿಗೆ ಹೋಗುತ್ತದೆ

ಎಫ್ ಗುರುತಿನವರೆಗೆ ತುಂಬಿಸಿ, ಮೀಟರ್ ರೀಡಿಂಗ್ ಬರೆದಿಡಿ. ವಾರಕ್ಕೊಮ್ಮೆ ಕಡ್ಡಿ ನೋಡಿ, ನಡುವೆ ಎಲ್ ಹತ್ತಿರ ಬಂದರೆ ಅಳೆದು ಹಾಕಿ. ಸಾವಿರ ಕಿ.ಮೀ. ಆದ ಮೇಲೆ ಮತ್ತೆ ಎಫ್ ಮುಟ್ಟಿಸಲು ಎಷ್ಟು ಬೇಕಾಯಿತು ಅಂತ ಗೆರೆ ಇರುವ ಪ್ಲಾಸ್ಟಿಕ್ ಮಗ್ಗಿನಲ್ಲಿ ಅಳೆಯಿರಿ. "ಸ್ವಲ್ಪ ಹಾಕಿದೆ" ಅನ್ನುವುದು ಅಳತೆ ಅಲ್ಲ.

ನನ್ನ ಗಾಡಿಗೆ ಕಾಲು ಲೀಟರ್ ಆಸುಪಾಸು ಬೇಕಾಗುತ್ತದೆ. ಈ ವಯಸ್ಸಿಗೆ ಅದು ಏನೂ ಅಲ್ಲ, ಹಾಕುತ್ತಾ ಓಡಿಸುವುದು. ಅರ್ಧ ಲೀಟರ್ ಅಂದರೆ ಕಾರಣ ಹುಡುಕಬೇಕು. ಒಂದು ಲೀಟರ್ ಮುಟ್ಟಿದರೆ, ಅದೂ ಮೂರು ಲೀಟರ್ ಹಿಡಿಯುವ ಸಣ್ಣ ಇಂಜಿನ್ನಿನಲ್ಲಿ, ಯಾವ ಆಯಿಲ್ ಹಾಕಿದರೂ ಅದು ತಾತ್ಕಾಲಿಕ. ಕೆಲವು ಕಂಪನಿಗಳು ಸಾವಿರ ಕಿ.ಮೀ.ಗೆ ಒಂದು ಲೀಟರ್ ತನಕ ಮಾಮೂಲಿ ಅಂತ ಪುಸ್ತಕದಲ್ಲೇ ಬರೆದುಕೊಂಡಿವೆ. ಅದು ವಾರಂಟಿಯಿಂದ ತಪ್ಪಿಸಿಕೊಳ್ಳುವ ಲೆಕ್ಕ ಅಂತ ನನ್ನ ಅನುಮಾನ.

ಆಯಿಲ್ ಹೋಗುವ ದಾರಿ ಎರಡೇ: ಹೊರಗೆ ಸೋರುವುದು, ಒಳಗೆ ಉರಿಯುವುದು.

ಸೋರುವುದನ್ನು ಹಿಡಿಯುವುದು ಸುಲಭ. ರಾತ್ರಿ ಇಂಜಿನ್ ಕೆಳಗೆ ರಟ್ಟು ಹಾಸಿ, ಬೆಳಿಗ್ಗೆ ಚುಕ್ಕೆ ಎಲ್ಲಿ ಬಿದ್ದಿದೆ ನೋಡಿ. ಹಳೇ ಗಾಡಿಯಲ್ಲಿ ಮೊದಲು ಸೋರುವುದು ಟ್ಯಾಪೆಟ್ ಕವರ್ (ಇಂಜಿನ್ನಿನ ಮೇಲಿನ ಮುಚ್ಚಳ) ಪ್ಯಾಕಿಂಗ್. ರಬ್ಬರ್ ಬಿಸಿಗೆ ಗಟ್ಟಿಯಾಗಿ ಸೀಳುತ್ತದೆ. ಸ್ಪಾರ್ಕ್ ಪ್ಲಗ್ ಕೂರುವ ಗುಂಡಿಯಲ್ಲಿ ಆಯಿಲ್ ನಿಂತಿದ್ದರೂ ಸಾಮಾನ್ಯವಾಗಿ ಅಲ್ಲಿನ ಸೀಲೇ ಕಾರಣ. ಆಮೇಲೆ ಚೇಂಬರ್ ಬೋಲ್ಟಿನ ವಾಷರ್, ಪ್ರೆಶರ್ ಸ್ವಿಚ್, ಕ್ರ್ಯಾಂಕಿನ ಆಯಿಲ್ ಸೀಲ್. ಇವಕ್ಕೆಲ್ಲ ಮದ್ದು ಪ್ಯಾಕಿಂಗ್ ಬದಲಿಸುವುದು. ದಪ್ಪ ಆಯಿಲ್ ಹಾಕಿದರೆ ಸೋರುವುದು ಸ್ವಲ್ಪ ನಿಧಾನ ಆಗುತ್ತದೆ, ನಿಲ್ಲುವುದಿಲ್ಲ.

ಉರಿಯುವುದನ್ನು ನೋಡಲು ಆಗುಂಬೆ ಘಾಟಿಗಿಂತ ಒಳ್ಳೆಯ ಜಾಗ ಇಲ್ಲ. ಹದಿನಾಲ್ಕು ತಿರುವು ಎರಡನೇ ಗೇರಿನಲ್ಲಿ, ಆಕ್ಸಿಲರೇಟರ್ ಬಿಟ್ಟು ಇಳಿಯಿರಿ. ಆಗ ಇಂಜಿನ್ನಿನ ಒಳಗೆ ಎಳೆತ ಜಾಸ್ತಿ. ವಾಲ್ವ್ ಸೀಲ್ ಸವೆದಿದ್ದರೆ ಅದರ ಸಂದಿಯಿಂದ ಆಯಿಲ್ ಒಳಗೆ ಜಾರುತ್ತದೆ. ಕೆಳಗೆ ಸೋಮೇಶ್ವರದಲ್ಲಿ ರಸ್ತೆ ಮಟ್ಟ ಆದ ಮೇಲೆ ಒಮ್ಮೆ ಆಕ್ಸಿಲರೇಟರ್ ಒತ್ತಿ. ಹಿಂದೆ ಬರುವ ಪರಿಚಯದವರಿಗೆ ನೀಲಿ ಹೊಗೆಯ ಉಂಡೆ ಒಂದು ಎದ್ದು ಹೋದದ್ದು ಕಂಡರೆ ಅದು ವಾಲ್ವ್ ಸೀಲ್. ರಾತ್ರಿಯಿಡೀ ನಿಂತ ಗಾಡಿ ಸ್ಟಾರ್ಟ್ ಆದಾಗ ಮಾತ್ರ ನೀಲಿ ಹೊಗೆ ಬಂದು ನಿಂತರೂ ಅದೇ. ವಾಪಸ್ ಘಾಟಿ ಹತ್ತುವಾಗ, ಒತ್ತಿದಷ್ಟು ಹೊತ್ತೂ ಹೊಗೆ ಬಿಡದೆ ಬಂದರೆ ಅದು ರಿಂಗ್. ನಮ್ಮ ಕಡೆ "ಬೋರಿಗೆ ಬಂದಿದೆ" ಅನ್ನುವುದು ಇದಕ್ಕೇ. ಬೆಳಗಿನ ಚಳಿಯಲ್ಲಿ ಸೈಲೆನ್ಸರಿನಿಂದ ಬರುವ ಬಿಳಿ ಆವಿಗೂ ಇದಕ್ಕೂ ಸಂಬಂಧ ಇಲ್ಲ, ಅದು ಬರೀ ನೀರು.

ಬೋರ್ ಕೆಲಸಕ್ಕೆ, ಅಂದರೆ ಇಂಜಿನ್ ಬಿಚ್ಚಿ ಸಿಲಿಂಡರ್, ರಿಂಗ್ ಸರಿ ಮಾಡಿಸುವುದಕ್ಕೆ, ಒಪ್ಪುವ ಮುಂಚೆ ಎರಡು ಕೆಲಸ ಮಾಡಿಸಿ. ಒಂದು, ಪಿಸಿವಿ ವಾಲ್ವ್ ತೆಗೆಸಿ ನೋಡಿ. ಚೇಂಬರಿನ ಗಾಳಿಯನ್ನು ಮತ್ತೆ ಇಂಜಿನ್ನಿಗೆ ಕಳಿಸುವ ಬೆರಳುದ್ದದ ಸಾಮಾನು ಅದು. ಅಲ್ಲಾಡಿಸಿದರೆ ಹೆಚ್ಚಿನವು ಟಕಟಕ ಅನ್ನುತ್ತವೆ. ಸದ್ದೇ ಇಲ್ಲದಿದ್ದರೆ ಮಡ್ಡಿ ಕಟ್ಟಿದೆ. ಅದು ಕಟ್ಟಿದರೆ ಒಳಗೆ ಒತ್ತಡ ಏರಿ ಆಯಿಲ್ ಸಿಕ್ಕ ಸಂದಿಯಲ್ಲಿ ನುಗ್ಗುತ್ತದೆ. ಬದಲಿಸುವ ಖರ್ಚು ಬೋರ್ ಕೆಲಸದ ಮುಂದೆ ಲೆಕ್ಕಕ್ಕೇ ಇಲ್ಲ. ಎರಡು, ಕಂಪ್ರೆಷನ್ ಟೆಸ್ಟ್. ಮೊದಲು ಹಾಗೇ ಒಮ್ಮೆ, ಆಮೇಲೆ ಪ್ರತಿ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಇನ್ನೊಮ್ಮೆ. ಎರಡನೇ ಸಲ ಒತ್ತಡ ಚೆನ್ನಾಗಿ ಏರಿದರೆ ರಿಂಗ್ ಸವೆದಿದೆ. ಏರದೇ ಇದ್ದರೆ ತೊಂದರೆ ವಾಲ್ವಿನ ಕಡೆ. ಟೆಸ್ಟ್ ಮಾಡದೆ "ಬೋರ್ ಹೋಗಿದೆ" ಅನ್ನುವ ಗ್ಯಾರೇಜಿನಿಂದ ಗಾಡಿ ವಾಪಸ್ ತನ್ನಿ.

ಈಗ ಡಬ್ಬಿ

ಡಬ್ಬಿ ಮೇಲೆ 5ಡಬ್ಲ್ಯೂ-30, 10ಡಬ್ಲ್ಯೂ-40, 20ಡಬ್ಲ್ಯೂ-50 ಅಂತೆಲ್ಲ ಇರುತ್ತದಲ್ಲ, ಅದರಲ್ಲಿ ಡಬ್ಲ್ಯೂ ಮುಂಚಿನ ಸಂಖ್ಯೆ ತಣ್ಣಗಿದ್ದಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದು. ಸಣ್ಣ ಸಂಖ್ಯೆ ಅಂದರೆ ಬೇಗ ಹರಿಯುತ್ತದೆ. ಆಮೇಲಿನ ಸಂಖ್ಯೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದು. 5ಡಬ್ಲ್ಯೂ-40 ಆಗಲಿ 20ಡಬ್ಲ್ಯೂ-40 ಆಗಲಿ, ಬಿಸಿಯಾದ ಮೇಲೆ ಎರಡರ ದಪ್ಪವೂ 12.5ರಿಂದ 16.3 ಸೆಂಟಿಸ್ಟೋಕ್ಸ್ (ದ್ರವದ ದಪ್ಪ ಅಳೆಯುವ ಮಾನ) ಒಳಗೇ ಬರಬೇಕು. 30 ಅಂದರೆ 9.3ರಿಂದ 12.5. "5ಡಬ್ಲ್ಯೂ ಅಂದ್ರೆ ನೀರು ಮೇಡಂ, ಹಳೇ ಇಂಜಿನ್ನಿಗೆ ಆಗಲ್ಲ" ಅನ್ನುವ ಮಾತು ಇಲ್ಲೇ ಬಿದ್ದುಹೋಗುತ್ತದೆ.

ಜೋನಿಬೆಲ್ಲ ಬಳಸುವವರಿಗೆ ಇದನ್ನು ವಿವರಿಸಬೇಕಿಲ್ಲ. ಜನವರಿಯ ಬೆಳಿಗ್ಗೆ ಡಬ್ಬಿ ಬಗ್ಗಿಸಿ ಕಾಯಬೇಕು, ಒಲೆ ಹತ್ತಿರ ಇಟ್ಟರೆ ಸರಕ್ಕನೆ ಬರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಚೇಂಬರಿನಿಂದ ಇಂಜಿನ್ನಿನ ತಲೆಯವರೆಗೆ ಏರಬೇಕು. ಏರುವವರೆಗೆ ಕ್ಯಾಮ್, ವಾಲ್ವ್ ಎಲ್ಲ ಅರೆಬರೆ ಒಣಗಿ ಉಜ್ಜಿಕೊಳ್ಳುತ್ತವೆ. ಸವೆತ ಆಗುವ ಮುಖ್ಯ ಹೊತ್ತುಗಳಲ್ಲಿ ಇದೊಂದು. ದಿನಕ್ಕೆ ನಾಲ್ಕು ಸಲ ತಣ್ಣಗಿನ ಸ್ಟಾರ್ಟ್ ಆಗುವ ನನ್ನಂಥವರ ಗಾಡಿಗೆ 20ಡಬ್ಲ್ಯೂಗಿಂತ 10 ಅಥವಾ 5 ಒಳ್ಳೆಯದು, ಕರ್ನಾಟಕದಲ್ಲಿ ಹಿಮ ಬೀಳದಿದ್ದರೂ ಸರಿ.

"ರಾಯಚೂರಿನ ಬಿಸಿಲಿಗೆ ದಪ್ಪ ಆಯಿಲ್ಲೇ ಬೇಕು" ಅನ್ನುವುದೂ ಅರ್ಧ ಸತ್ಯ. ಹೊರಗೆ 42 ಡಿಗ್ರಿ ಇರಲಿ 15 ಇರಲಿ, ಥರ್ಮೋಸ್ಟ್ಯಾಟ್ ಇಂಜಿನ್ನನ್ನು 85-90ರ ಹತ್ತಿರ ಹಿಡಿದಿಡುತ್ತದೆ. ಬಿಸಿಲಲ್ಲಿ ಎಸಿ ಹಾಕಿ ಹೈವೇಯಲ್ಲಿ ಗಂಟೆಗಟ್ಟಲೆ ಓಡಿಸಿದರೆ ಆಯಿಲ್ ಅದಕ್ಕಿಂತ ಬಿಸಿಯಾಗುವುದು ನಿಜ. ಅಲ್ಲಿ 40 ಸರಿ. 50 ಯಾಕೆ?

ನನ್ನ ಲೆಕ್ಕ ಇಷ್ಟು. ಮೊದಲು ಕಾರಿನ ಪುಸ್ತಕ ನೋಡಿ. ಹಳೆಯ ಕಾರುಗಳ ಪುಸ್ತಕದಲ್ಲಿ ಹೆಚ್ಚಾಗಿ ಒಂದೇ ಗ್ರೇಡ್ ಇರುವುದಿಲ್ಲ, ಹೊರಗಿನ ಉಷ್ಣತೆಗೆ ತಕ್ಕಂತೆ ಪಟ್ಟಿ ಇರುತ್ತದೆ. ಗಾಡಿ ಆಯಿಲ್ ಕುಡಿಯುತ್ತಿಲ್ಲ, ಸದ್ದಿಲ್ಲ, ಬಿಸಿಯಾದಾಗ ಐಡಲಿಂಗ್‌ನಲ್ಲಿ ಪ್ರೆಶರ್ ಲೈಟ್ ಮಿಣುಕುವುದಿಲ್ಲ ಅಂದರೆ ಎರಡು ಲಕ್ಷ ಅಲ್ಲ, ಮೂರು ಲಕ್ಷ ಆದರೂ ಇದ್ದದ್ದನ್ನೇ ಹಾಕಿ. ಕಾಲು ಲೀಟರಿಗಿಂತ ಜಾಸ್ತಿ ಉರಿಯುತ್ತಿದ್ದರೆ ಡಬ್ಲ್ಯೂ ಆದ ಮೇಲಿನ ಸಂಖ್ಯೆ ಒಂದೇ ಮೆಟ್ಟಿಲು ಏರಿಸಿ, 30 ಇದ್ದದ್ದು 40. ಡಬ್ಲ್ಯೂ ಮುಂಚಿನ ಸಂಖ್ಯೆ ಏರಿಸಬೇಡಿ. ಮುಂದಿನ ಸಾವಿರ ಕಿ.ಮೀ.ಯಲ್ಲಿ ಮತ್ತೆ ಅಳೆಯಿರಿ. ಕಮ್ಮಿ ಆದರೆ ಅಲ್ಲೇ ನಿಲ್ಲಿ. 20ಡಬ್ಲ್ಯೂ-50 ಕೊನೆಯ ಮೆಟ್ಟಿಲು, ಇಂಜಿನ್ ಕೆಲಸಕ್ಕೆ ದುಡ್ಡು ಹೊಂದಿಸುವವರೆಗೆ ದಿನ ದೂಡಲು. ವಿವಿಟಿ (ವಾಲ್ವ್ ತೆರೆಯುವ ಹೊತ್ತನ್ನು ಓಡುವಾಗಲೇ ಬದಲಿಸುವ ವ್ಯವಸ್ಥೆ) ಇರುವ ಇಂಜಿನ್ನಿಗೆ ಅದನ್ನು ಹಾಕಲೇಬೇಡಿ. ಅಲ್ಲಿ ಆಯಿಲ್ ಪ್ರೆಶರಿನಿಂದಲೇ ನಡೆಯುವ ಸಣ್ಣ ದಾರಿಗಳಿವೆ. ನಾನು ಹಾಕುವುದು 10ಡಬ್ಲ್ಯೂ-40 ಸೆಮಿ ಸಿಂಥೆಟಿಕ್, ಅಂದರೆ ಮಾಮೂಲಿ ಆಯಿಲಿಗೆ ಸಿಂಥೆಟಿಕ್ ಬೆರೆಸಿದ್ದು.

ಸಂಖ್ಯೆಯಷ್ಟೇ ಮುಖ್ಯ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಕೊಡುವ ಗುಣಮಟ್ಟದ ದರ್ಜೆ. ಪೆಟ್ರೋಲ್ ಗಾಡಿಗೆ ಎಸ್ ಅಕ್ಷರದಿಂದ ಶುರುವಾಗುತ್ತದೆ. ಎಸ್‌ಎಲ್ 2001ರದ್ದು, ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು. ಹೊಸ ದರ್ಜೆಯನ್ನು ಹಳೇ ಗಾಡಿಗೆ ಹಾಕಬಹುದು, ಉಲ್ಟಾ ಆಗುವುದಿಲ್ಲ. ಎಸ್‌ಎಲ್‌ನಿಂದ ಮುಂದಿನವುಗಳಲ್ಲಿ ಬಿಸಿಗೆ ಆಯಿಲ್ ಎಷ್ಟು ಆವಿಯಾಗಬಹುದು ಅನ್ನುವುದಕ್ಕೆ ಮಿತಿ ಬಿಗಿಯಾಯಿತು. 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಶೇಕಡಾ 15ಕ್ಕಿಂತ ಜಾಸ್ತಿ ಹೋಗಬಾರದು. ಆಯಿಲ್ ಕುಡಿಯುವ ಗಾಡಿಗೆ ಇದು ನೇರ ಲಾಭ. ಡ್ರಮ್ಮಿನಿಂದ ಅಳೆದು ಕೊಡುವ ಅಗ್ಗದ ಆಯಿಲಿನ ಮೇಲೆ ಎಸ್‌ಎಫ್ ಅಂತ ಇದ್ದರೆ ಅದು 1988ರವರೆಗಿನ ಇಂಜಿನ್ನಿಗೆ ಮಾಡಿದ್ದು. ಬೈಕಿನ ಆಯಿಲ್, ಅಂದರೆ ಜಾಸೋ ಎಂಎ ಅಂತ ಬರೆದದ್ದು, ಆಯಿಲಿನಲ್ಲೇ ಮುಳುಗಿರುವ ಒದ್ದೆ ಕ್ಲಚ್ಚಿಗಾಗಿ ಮಾಡಿದ್ದು. ದಾರಿ ಮಧ್ಯೆ ಬೇರೆ ಗತಿ ಇಲ್ಲದಾಗ ಟಾಪ್ ಅಪ್ ಮಾಡಿದರೆ ಪ್ರಳಯ ಏನೂ ಆಗುವುದಿಲ್ಲ.

ಸಿಂಥೆಟಿಕ್ ಹಾಕಿದರೆ ಹಳೇ ಗಾಡಿ ಸೋರುತ್ತದೆ ಅನ್ನುವ ಭಯ ಈಗಿನ ಆಯಿಲುಗಳಿಗೆ ಅಷ್ಟಾಗಿ ಹೊಂದುವುದಿಲ್ಲ. ಆದರೆ ವರ್ಷಗಟ್ಟಲೆ ಮಡ್ಡಿ ಕಟ್ಟಿದ ಇಂಜಿನ್ನಿನಲ್ಲಿ ಒಳ್ಳೆಯ ಆಯಿಲ್ ಆ ಮಡ್ಡಿ ತೊಳೆಯುತ್ತದೆ. ಸೀಳಿದ ಸೀಲಿನ ಬಾಯಿಗೆ ಮಡ್ಡಿಯೇ ಮುಚ್ಚಳ ಆಗಿದ್ದರೆ ಸೋರುವುದು ಆಗ ಹೊರಗೆ ಕಾಣುತ್ತದೆ. ಇತಿಹಾಸ ಗೊತ್ತಿಲ್ಲದ ಸೆಕೆಂಡ್ ಹ್ಯಾಂಡ್ ಗಾಡಿಗೆ ಮಾಮೂಲಿ ಒಳ್ಳೆಯ ಆಯಿಲ್ ಹಾಕಿ ಎರಡು-ಮೂರು ಸಾವಿರ ಕಿ.ಮೀ.ಗೇ ಬದಲಿಸಿ. ಹಾಗೆ ಎರಡು ಸಲ. ಇಂಜಿನ್ ಫ್ಲಶ್ ಬೇಡ. ಮಡ್ಡಿ ಒಮ್ಮೆಲೇ ಚೂರಾಗಿ ಕಿತ್ತುಬಂದು ಪಂಪಿನ ಜಾಲರಿಗೆ ಕೂತರೆ ಆಯಿಲ್ ಮೇಲೇರುವುದೇ ನಿಲ್ಲುತ್ತದೆ. ಹೊಗೆ ನಿಲ್ಲಿಸುವ ಸಣ್ಣ ಬಾಟಲಿಗಳಿಗೂ ಸುಮ್ನೆ ದುಡ್ಡು ಹಾಕಬೇಡಿ. ಅಮೆರಿಕದಲ್ಲಿ 75,000 ಮೈಲಿ, ಅಂದರೆ ಸುಮಾರು 1.2 ಲಕ್ಷ ಕಿ.ಮೀ. ದಾಟಿದ ಕಾರುಗಳಿಗೆ ಅಂತಲೇ 'ಹೈ ಮೈಲೇಜ್' ಆಯಿಲ್ ಸಿಗುತ್ತದೆ, ರಬ್ಬರ್ ಸೀಲನ್ನು ಮೆದು ಮಾಡುವ ಅಂಶ ಸೇರಿಸಿರುತ್ತಾರೆ. ನಮ್ಮಲ್ಲಿ ಸಿಕ್ಕರೆ ಹಾಕಿ, ಹುಡುಕಿಕೊಂಡು ಅಲೆಯುವಷ್ಟು ಏನಿಲ್ಲ.

ಡೀಸೆಲ್ ಟರ್ಬೋ ಗಾಡಿಯವರು ಈ ಮೆಟ್ಟಿಲು ಏರುವ ಆಟ ಆಡಬೇಡಿ. ಟರ್ಬೋ ಬೇರಿಂಗ್ ನಿಂತಿರುವುದೇ ಆಯಿಲಿನ ಮೇಲೆ. ಪುಸ್ತಕದಲ್ಲಿ ಹೇಳಿದ ಗ್ರೇಡ್, ಸಿ ಅಕ್ಷರದ ಸರಿಯಾದ ದರ್ಜೆ ಹಾಕಿ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದ್ದರೆ ಅದಕ್ಕೆ ಹೊಂದುವ ಕಡಿಮೆ ಬೂದಿಯ ಆಯಿಲ್ಲೇ ಬೇಕು.

ಹಾಕಿಸುವಾಗ

ಆಯಿಲನ್ನು ಬಂಕಿನಲ್ಲಿ ಅಥವಾ ಕಂಪನಿ ಡೀಲರ್ ಹತ್ತಿರ ತೆಗೆದುಕೊಳ್ಳಿ. ಸರ್ವೋ, ಮ್ಯಾಕ್ ಆಯಾ ಕಂಪನಿಯ ಬಂಕಿನಲ್ಲೇ ಸಿಗುತ್ತವೆ. ಮುಚ್ಚಳದ ಸೀಲ್, ಬ್ಯಾಚ್ ನಂಬರ್, ತಯಾರಾದ ತಿಂಗಳು ನೋಡಿ. ಕ್ಯೂಆರ್ ಕೋಡ್ ಇದ್ದರೆ ಸ್ಕ್ಯಾನ್ ಮಾಡಿ. ಡಬ್ಬಿ ನಿಮ್ಮ ಕಣ್ಣೆದುರೇ ಒಡೆಯಲಿ.

ಇಂಜಿನ್ ಬೆಚ್ಚಗಿದ್ದಾಗ ಹಳೇ ಆಯಿಲ್ ಇಳಿಸಬೇಕು, ಆಗ ಮಡ್ಡಿಯೂ ಜೊತೆಗೆ ಬರುತ್ತದೆ. ಫಿಲ್ಟರ್ ಪ್ರತಿ ಸಲ ಹೊಸದು. ಅದರ ರಬ್ಬರ್ ರಿಂಗಿಗೆ ಹೊಸ ಆಯಿಲ್ ಸವರಿ, ಕೈಯಲ್ಲಿ ಕೂರಿಸಿ, ಆಮೇಲೆ ಮುಕ್ಕಾಲು ಸುತ್ತು. ಚೇಂಬರ್ ಬೋಲ್ಟಿಗೆ ಹೊಸ ವಾಷರ್ ಕೇಳಿ ಹಾಕಿಸಿ. ಮೈಭಾರ ಹಾಕಿ ಬಿಗಿದರೆ ಚೇಂಬರಿನ ಮರೆ (ಥ್ರೆಡ್) ಹೋಗುತ್ತದೆ.

ತುಂಬಿಸುವಾಗ ಪಕ್ಕದಲ್ಲೇ ನಿಂತಿರಿ. 3.5 ಲೀಟರ್ ಡಬ್ಬಿ ತಂದರೆ ಪೂರ್ತಿ ಸುರಿಯುವ ಚಟ ಹುಡುಗರಿಗಿದೆ. ಮೂರು ಲೀಟರ್ ಹಿಡಿಯುವ ಇಂಜಿನ್ನಿಗೆ ಮೂರೂವರೆ ಹಾಕಿದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆಗೆ ಪ್ರೆಶರ್ ನಿಲ್ಲುವುದಿಲ್ಲ. ಸ್ವಲ್ಪ ಕಮ್ಮಿಯೇ ಹಾಕಿಸಿ, ಒಂದು ನಿಮಿಷ ಸ್ಟಾರ್ಟ್ ಮಾಡಿ ಫಿಲ್ಟರ್ ತುಂಬಿಕೊಳ್ಳಲಿ, ಆಫ್ ಮಾಡಿ ಕಾದು, ಕಡ್ಡಿ ನೋಡಿ ಉಳಿದದ್ದು. ಮಿಕ್ಕ ಅರ್ಧ ಲೀಟರ್ ಡಿಕ್ಕಿಯಲ್ಲಿರಲಿ, ಟಾಪ್ ಅಪ್‌ಗೆ ಅದೇ. ಹತ್ತಿರದ ಓಡಾಟವೇ ಜಾಸ್ತಿ ಇರುವ ಹಳೇ ಗಾಡಿಗೆ ಐದು ಸಾವಿರ ಕಿ.ಮೀ. ಅಥವಾ ಆರು ತಿಂಗಳಿಗೊಮ್ಮೆ ಬದಲಿಸಿ, ಡಬ್ಬಿ ಮೇಲೆ ಹತ್ತು ಸಾವಿರ ಅಂತ ಇದ್ದರೂ.

ಹಳೇ ಆಯಿಲನ್ನು ಬೇಲಿ ಗೂಟಕ್ಕೆ ಬಳಿಯಲು ಕೇಳಿಕೊಂಡು ಬರುವವರು ನಮ್ಮೂರಲ್ಲಿ ಇದ್ದಾರೆ, ಗೆದ್ದಲು ಹಿಡಿಯುವುದಿಲ್ಲ ಅಂತ. ನಾನು ಕೊಡುವುದಿಲ್ಲ. ಮಳೆಗೆ ತೊಳೆದು ಅದು ಸೀದಾ ಬಾವಿಯ ಕಡೆಗೇ ಇಳಿಯುತ್ತದೆ, ಚರ್ಮಕ್ಕೆ ಪದೇ ಪದೇ ತಾಗಿದರೆ ಕ್ಯಾನ್ಸರಿನ ಅಪಾಯವೂ ಇದೆ. ಗ್ಯಾರೇಜಿನಲ್ಲೇ ಬಿಡಿ, ಸಂಸ್ಕರಣೆಗೆ ಒಯ್ಯುವವರು ಬಂದು ತೆಗೆದುಕೊಂಡು ಹೋಗುತ್ತಾರೆ. ಖಾಲಿ ಡಬ್ಬಿಗೆ ಮಾತ್ರ ಸ್ಕ್ರೂಡ್ರೈವರಿನಲ್ಲಿ ತೂತು ಹಾಕಿಯೇ ಗುಜರಿಗೆ ಕೊಡಿ. ನಕಲಿ ಆಯಿಲ್ ತುಂಬುವವರಿಗೆ ಬೇಕಾಗಿರುವುದು ಒರಿಜಿನಲ್ ಡಬ್ಬಿಯೇ.